ಒಟ್ಟುಮಣೆ

೩ ಜುಲೈ

ಅಪ್ಪಾ,

ನಿನ್ನ ಅಂಗೈ ಹೇಗಿದೆ? ಕಟ್ಟು ಬಿಚ್ಚುವವರೆಗೆ ಪೆನ್ನು ಮುಟ್ಟಬೇಡ, ಉತ್ತರವನ್ನು ಅಮ್ಮನ ಕೈಯಲ್ಲಿ ಬರೆಸು. ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಫೋನ್ ಹಿಡಿದರೆ "ಹ್ಞೂಂ, ಆಯ್ತು, ಇಡ್ಲಾ" ಎನ್ನುವ ಮೂರು ಮಾತು ಬಿಟ್ಟು ನಾಲ್ಕನೆಯದು ಆಡಿದವನಲ್ಲ. ಅಲ್ಲದೆ ಈ ಸಲ ನನಗೆ ಬೇಕಾಗಿರುವುದು ಕಾಗದದ ಮೇಲೆ ಇರಬೇಕಾದ ಮಾತು.

ನಿನ್ನೆ ನಮ್ಮ ನಿಘಂಟು ಕಚೇರಿಗೆ ಒಂದು ಲಕೋಟೆ ಬಂತು. ನಿಮ್ಮ ಕುಶನ್ ಕಾರ್ಖಾನೆಯ ಬೆಂಕಿಯ ವಿಚಾರಣೆ ನಡೆಸುತ್ತಿರುವ ಅಧಿಕಾರಿ ಬರೆದದ್ದು. ಗುಂಡಿಯಕ್ಕ ಒಳಗೆ ಸಿಕ್ಕಿಕೊಂಡಾಗ ಕೂಗಿದ ಮಾತನ್ನು ಅವಳ ಗಂಡ ತನ್ನ ಹೇಳಿಕೆಯಲ್ಲಿ ಬರೆಸಿದ್ದಾನಂತೆ: "ಒಟ್ಟುಮಣೆ ತೆಗೀರಿ." ಅವನು ಗಾಡಿ ಓಡಿಸುವವನು, ಕುಶನ್ ಕೆಲಸದ ಮಾತು ಅವನಿಗೆ ತಿಳಿಯದು. ಅದು ಕಾಲಿಡುವ ಸಣ್ಣ ದಿಂಬು ಎಂದು ಮಾಲೀಕರು ಹೇಳಿದ್ದಾರೆ. ಉಳಿದ ಕೆಲಸಗಾರರು ತಾವು ಊಟಕ್ಕೆ ಹೋಗಿದ್ದೆವು ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದಾರೆ. ಗಾಯ ವಾಸಿಯಾಗುವವರೆಗೆ ನಿನ್ನ ಹೇಳಿಕೆ ತೆಗೆದುಕೊಳ್ಳುವುದಿಲ್ಲವಂತೆ.

ಅಧಿಕಾರಿಯ ಪ್ರಶ್ನೆ ಇಷ್ಟೇ. ಒಟ್ಟುಮಣೆ ಎಂದರೇನು, ಆ ಪದ ಎಲ್ಲಿಂದ ಬಂತು? ಅದು ಕಾಲಿನಿಂದ ಸರಿಸಬಹುದಾದ ವಸ್ತುವಾದರೆ, ಆಕೆ ಗಾಬರಿಯಲ್ಲಿ ದಾರಿ ಕಾಣದೆ ಸತ್ತಳು ಎಂದು ವರದಿ ಬರೆದು ಮುಗಿಸುತ್ತಾರೆ. ಸರಿಸಲಾಗದ್ದಾದರೆ, ಅದನ್ನು ಹಿಂಬಾಗಿಲಿಗೆ ಅಡ್ಡ ಇಟ್ಟವರು ಯಾರು ಎಂದು ಹುಡುಕುತ್ತಾರೆ. ಸೂರು ಕುಸಿದು ಒಳಗಿದ್ದದ್ದೆಲ್ಲ ಬೂದಿಯಾಗಿದೆ. ನೋಡಿ ಹೇಳುವುದಕ್ಕೆ ಏನೂ ಇಲ್ಲ, ಪದ ಒಂದೇ ಉಳಿದಿರುವುದು.

ನಮ್ಮ ನಿಘಂಟಿನಲ್ಲಿ ಈ ಪದವಿಲ್ಲ. ನನ್ನ ಅಪ್ಪನೇ ಆ ಕಾರ್ಖಾನೆಯ ಮೇಸ್ತ್ರಿ ಎಂದು ಪ್ರಧಾನ ಸಂಪಾದಕರಿಗೆ ಹೇಳಿದೆ. "ಹಾಗಾದ್ರೆ ಇನ್ನೇನು, ಕೇಳಿ ಬರೀರಿ, ಮೂವತ್ತು ವರ್ಷ ಆ ಕೆಲಸ ಮಾಡಿದವರಿಗಿಂತ ಬೇಕಾ?" ಅಂದರು. ನಿನ್ನ ಕುರ್ಚಿಯ ಮುಂದೆ ಇರುತ್ತದಲ್ಲ, ಸಂಜೆ ಕಾಲು ಚಾಚುವ ದಿಂಬು, ಅದೇ ತಾನೆ ಒಟ್ಟುಮಣೆ?

ನನಗೆ ಎಣಿಸುವುದನ್ನು ಕಲಿಸಿದವಳು ಗುಂಡಿಯಕ್ಕ. ಸೋಫಾದ ಬೆನ್ನಿಗೆ ದಬ್ಬಣದಲ್ಲಿ ಗುಂಡಿ ಹೊಲಿಯುವಾಗ ಒಂದೊಂದನ್ನೂ ಬಾಯಿಬಿಟ್ಟು ಎಣಿಸುತ್ತಿದ್ದಳು, ಎಣಿಸದಿದ್ದರೆ ಅವಳಿಗೆ ಕೈಯೇ ಓಡುತ್ತಿರಲಿಲ್ಲ. ಈಗ ಅವಳ ಮಾತಿಗೆ ಅರ್ಥ ಬರೆಯುವ ಕೆಲಸ ನನಗೆ ಬಂದಿದೆ.

ನಿನ್ನ ಮಗಳು


೯ ಜುಲೈ

ಚೀಟಿರಾಣಿಗೆ,

ಇದು ನಿನ್ನ ಅಮ್ಮನ ಅಕ್ಷರ, ನನ್ನ ಮಾತು. ನಡುವೆ ಅವಳು ತನ್ನದೇನಾದರೂ ತೂರಿಸಿದರೆ ಅದಕ್ಕೆ ನಾನು ಹೊಣೆಯಲ್ಲ.

ಅಂಗೈ ಪರವಾಗಿಲ್ಲ. ತುತ್ತು ಎತ್ತಲು ಬರುವುದಿಲ್ಲ, ನಿನ್ನ ಅಮ್ಮ ತಿನ್ನಿಸುತ್ತಾಳೆ. ಮದುವೆಯಾದ ಹೊಸದರಲ್ಲೂ ಈ ಭಾಗ್ಯ ಇರಲಿಲ್ಲ.

ಪದದ ಹುಟ್ಟು ಕೇಳಿದ್ದೀಯ. ಹೇಳುತ್ತೇನೆ, ಚೀಟಿಯಲ್ಲಿ ಬರೆದುಕೋ. ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ಹಿರಿಮೇಸ್ತ್ರಿ ಇದ್ದರು. ನನ್ನ ಕೈಗೆ ಮೊದಲು ದಬ್ಬಣ ಕೊಟ್ಟವರು ಅವರು. ಸುತ್ತಿಗೆ ಸದ್ದಿಗೆ ಅವರ ಒಂದು ಕಿವಿ ಹೋಗಿತ್ತು, ಇನ್ನೊಂದನ್ನು ತಮಗೆ ಬೇಕಾದಾಗ ಮಾತ್ರ ಬಳಸುತ್ತಿದ್ದರು. ಒಂದು ದಿನ ಬಾಬ್ ಕಟ್ಟಿನ ಹೆಂಗಸೊಬ್ಬಳು ಹೊರದೇಶದ ಬಣ್ಣದ ಪುಸ್ತಕ ಹಿಡಿದು ಬಂದಳು. ಚಿತ್ರದ ಮೇಲೆ ಬೆರಳಿಟ್ಟು "ನನಗೆ ಇಂಥ ಆಟೊಮನ್ ಬೇಕು" ಅಂದಳು. ಹಿರಿಮೇಸ್ತ್ರಿ ಒಳ್ಳೆಯ ಕಿವಿಯನ್ನು ಮುಂದೆ ಮಾಡಿ, "ಏನು, ಒಟ್ಟುಮಣೆನಾ?" ಅಂದರು. ಅವಳು ಬಿದ್ದು ಬಿದ್ದು ನಕ್ಕಳು. ಇವರು ನಗಲಿಲ್ಲ. ಕೆಲಸದ ಪುಸ್ತಕ ತೆಗೆದು ದಪ್ಪಕ್ಷರದಲ್ಲಿ ಒಟ್ಟುಮಣೆ ಎಂದೇ ಬರೆದರು. ಕೆಳಗೆ ಮರದ ಮಣೆ, ಅದರ ಮೇಲೆ ನಾರು ಒಟ್ಟಿ ತುಂಬುವುದು, ಮೇಲೆ ಬಟ್ಟೆ. ಹೆಸರು ಸರಿಯಾಗಿಯೇ ಇದೆಯಲ್ಲ ಎಂದು ವಾದ ಬೇರೆ. ಅಂದಿನಿಂದ ಅದೇ ಗಟ್ಟಿಯಾಯಿತು. ಮಗುವಿಗೆ ತಪ್ಪು ಹೆಸರಿಟ್ಟರೂ ಕರೆದರೆ ಓಗೊಡುತ್ತದಲ್ಲ, ಹಾಗೆ.

ಅರ್ಥ: ಕುಳಿತವರು ಕಾಲಿಡುವ ದಿಂಬು. ಗೇಣೆತ್ತರ. ಕಾಲಿನಿಂದ ದೂಡಿದರೆ ಸರಿಯುತ್ತದೆ. ಇಷ್ಟೇ ಬರೆ, ಹೆಚ್ಚು ಬೇಡ.

ನಿನ್ನ ಅಪ್ಪ

(ಕೊನೆಯ ಸಾಲುಗಳನ್ನು ಮೂರು ಸಲ ಹೊಡೆದುಹಾಕಿಸಿ ಮತ್ತೆ ಬರೆಸಿದರು. ಹಾಳೆ ಗಲೀಜಾಯಿತೆಂದು ನಾನು ಬೇರೆ ನಕಲು ಮಾಡಿದ್ದೇನೆ. ಸರಿಯಾಗಿ ಮಲಗುತ್ತಿಲ್ಲ. — ಅಮ್ಮ)


೧೬ ಜುಲೈ

ಅಪ್ಪಾ,

ನಿನ್ನ ಕಾಗದ ಓದಿ ಸಂಪಾದಕರು ಕುರ್ಚಿಯಿಂದ ಎದ್ದುಬಿಟ್ಟರು. ಇಪ್ಪತ್ತು ವರ್ಷದಲ್ಲಿ ಇಂಥ ಒಂದು ಪದದ ಹುಟ್ಟು ಇಷ್ಟು ಸ್ಪಷ್ಟವಾಗಿ ಸಿಕ್ಕಿದ್ದಿಲ್ಲವಂತೆ. ನಾನೂ ಪುಸ್ತಕಗಳನ್ನು ತಿರುವಿದೆ. ಆಟೊಮನ್ ಎನ್ನುವುದು ಮೊದಲು ಒಬ್ಬ ದೊರೆಯ ಹೆಸರಿನಿಂದ ಬಂದದ್ದು, ಆಮೇಲೆ ಅವನ ವಂಶದ್ದು, ಆಮೇಲೆ ಅವರು ಆಳಿದ ಸಾಮ್ರಾಜ್ಯದ್ದು. ಆ ಕಡೆಯ ಜನ ಒರಗಿ ಕೂರುತ್ತಿದ್ದ ಮೆತ್ತನೆಯ ಆಸನಕ್ಕೆ ಪರದೇಶದವರು ಅದೇ ಹೆಸರಿಟ್ಟರು. ಕೊನೆಗೆ ಅದು ಕಾಲಿಡುವ ದಿಂಬಿಗೆ ಇಳಿಯಿತು. ದೊರೆಯೊಬ್ಬ ಎಲ್ಲಿಂದ ಎಲ್ಲಿಗೆ ಬಂದ ನೋಡು. ಅವನನ್ನು ಮಣೆಯ ಮೇಲೆ ಕೂರಿಸಿದ ಪುಣ್ಯ ಮಾತ್ರ ನಿಮ್ಮ ಹಿರಿಮೇಸ್ತ್ರಿಯದು.

ಚೀಟಿ ಹೀಗೆ ಬರೆದೆ: ಒಟ್ಟುಮಣೆ, ನಾಮಪದ. ಕುಳಿತವರು ಕಾಲಿಡಲು ಬಳಸುವ, ಮರದ ತಳವಿರುವ ಗೇಣೆತ್ತರದ ದಿಂಬು. ಆಟೊಮನ್ ಎಂಬ ಪರಭಾಷೆಯ ಪದದಿಂದ.

ಇದರ ಪ್ರತಿಗೆ ಕಚೇರಿಯ ಮೊಹರು ಹಾಕಿ, ನನ್ನ ಸಹಿ ಮಾಡಿ ಅಧಿಕಾರಿಗೆ ಕಳಿಸಿಯಾಯಿತು.

ಒಂದು ಮಾತು ಕೇಳಲೇ? ಎರಡು ಪುಟದ ಕಾಗದದಲ್ಲಿ ನೀನು ಗುಂಡಿಯಕ್ಕನ ಸುದ್ದಿಯನ್ನೇ ಎತ್ತಿಲ್ಲ. ನಿನಗೆ ಅದು ಕಷ್ಟ ಎಂದು ಗೊತ್ತು. ಅವಳನ್ನು ಉಳಿಸಲು ಹೋಗಿ ತಾನೆ ಕೈ ಸುಟ್ಟುಕೊಂಡದ್ದು. ಆದರೂ ಕೇಳಿದೆ.

ನಿನ್ನ ಮಗಳು


೨ ಆಗಸ್ಟ್

ಚೀಟಿರಾಣಿಗೆ,

ಎಡಗೈ ಕಟ್ಟು ಬಿಚ್ಚಿದರು. ಚರ್ಮ ಹೊಸದು, ಬಿಸಿ ಲೋಟ ಹಿಡಿಯಲು ಆಗುವುದಿಲ್ಲ. ಮಾಲೀಕರು ಹಣ್ಣು ತಂದು ನೋಡಿಕೊಂಡು ಹೋದರು. ನಿನ್ನ ಚೀಟಿಯಿಂದ ಬಹಳ ಅನುಕೂಲವಾಯಿತು ಅಂದರು. ಬೇರೆ ಕಟ್ಟಡದಲ್ಲಿ ಕಾರ್ಖಾನೆ ಮತ್ತೆ ಶುರುವಾಗುತ್ತದೆ. ನನ್ನನ್ನೇ ಮೇಸ್ತ್ರಿಯಾಗಿ ಇಟ್ಟುಕೊಳ್ಳುತ್ತಾರಂತೆ.

ಇನ್ನು ಮುಂದೆ ಆ ಪದದ ವಿಷಯ ಬರೆಯಬೇಡ. ಮುಗಿದ ಕತೆ.

ಅಪ್ಪ

(ಮಾಲೀಕರು ತಂದ ಹಣ್ಣನ್ನು ಮುಟ್ಟಲಿಲ್ಲ, ಹಾಗೇ ಕೊಳೆಯಿತು. ಕುರ್ಚಿಯ ಮುಂದಿನ ಕಾಲುದಿಂಬನ್ನು ಅಟ್ಟಕ್ಕೆ ಹಾಕಿಸಿದ್ದಾರೆ. ಯಾಕೆ ಎಂದರೆ "ಅದ್ರ ಮುಖ ನೋಡಕ್ಕಾಗಲ್ಲ" ಅನ್ನುತ್ತಾರೆ. ದಿಂಬಿಗೆ ಎಂಥ ಮುಖವೋ. ನಿನಗೇನಾದರೂ ಗೊತ್ತಿದ್ದರೆ ನನಗೂ ಹೇಳು. — ಅಮ್ಮ)


೧೧ ಆಗಸ್ಟ್

ನಿಘಂಟು ಕಚೇರಿಯ ಮೇಡಂ ಅವರಿಗೆ,

ನಾನು ಕಾರ್ಖಾನೆಯಲ್ಲಿ ತೀರಿಹೋದ ಗುಂಡಿ ಹೊಲಿಯುವಾಕೆಯ ಗಂಡ. ನೀವು ಮೇಸ್ತ್ರಿಯವರ ಮಗಳು ಎಂದು ಗೊತ್ತು. ಚಿಕ್ಕವರಿದ್ದಾಗ ನಿಮ್ಮನ್ನು ನೋಡಿದ್ದೇನೆ. ನಿಮ್ಮ ತಂದೆಯವರ ಉಪಕಾರ ಮರೆಯುವ ಜನ ನಾವಲ್ಲ. ಆ ದಿನ ಹಿಂದಿನ ಓಣಿಯಲ್ಲಿ ಜನ ನನ್ನನ್ನು ಹಿಡಿದುಕೊಂಡಿದ್ದರು. ಹೊಗೆಯಲ್ಲಿ ಆ ಬಾಗಿಲಿಗೆ ಕೈ ಒತ್ತಿ ನೂಕುತ್ತಾ ನಿಂತಿದ್ದವರು ಅವರೊಬ್ಬರೇ.

ನಿಮ್ಮ ಚೀಟಿಯನ್ನು ನನಗೆ ಓದಿ ಹೇಳಿದರು. ಗೇಣೆತ್ತರದ ದಿಂಬು ಎಂದಿದೆ. ನೀವು ಓದಿದವರು, ತಪ್ಪು ಬರೆದಿದ್ದೀರಿ ಎನ್ನಲು ನಾನು ಯಾರು? ಆದರೆ ನನ್ನ ಹೆಂಡತಿ ನಾರಿನ ಮೂಟೆಯನ್ನು ಒಬ್ಬಳೇ ಎತ್ತಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದವಳು. ಒಂದು ದಿಂಬು ಅಡ್ಡ ಇದ್ದರೆ ಒದ್ದು ಬರುತ್ತಿರಲಿಲ್ಲವೇ? ತೆಗೀರಿ ಎಂದು ಇನ್ನೊಬ್ಬರನ್ನು ಯಾಕೆ ಕೂಗುತ್ತಾಳೆ? ಅವಳ ಜೊತೆ ಕೆಲಸ ಮಾಡಿದವರನ್ನು ಕೇಳಿದೆ. ಎಲ್ಲರೂ ನೆಲ ನೋಡುತ್ತಾರೆ.

ಮುಂದಿನ ತಿಂಗಳ ಕೊನೆಗೆ ವರದಿಯಂತೆ. ಗಾಬರಿಯಿಂದ ಬುದ್ಧಿ ಕೆಟ್ಟು ಸತ್ತಳು ಎಂದು ಅದರಲ್ಲಿ ಬರೆಯುತ್ತಾರೆ. ನಮ್ಮ ಹುಡುಗಿ ಕಾಲೇಜಿಗೆ ಹೋಗುತ್ತಾಳೆ, ಅದನ್ನು ಓದುತ್ತಾಳೆ. ನಿಮ್ಮ ಪುಸ್ತಕದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಇದೆಯೇ ಎಂದು ದಯವಿಟ್ಟು ನೋಡಿ ತಿಳಿಸಬೇಕು.

ಇಂತಿ,
ಗಾಡಿ ಓಡಿಸುವವ


೧೪ ಆಗಸ್ಟ್

ಅಪ್ಪಾ,

ಗುಂಡಿಯಕ್ಕನ ಗಂಡ ಬರೆದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ನೀನೇ ಓದು.

ಮೂರು ದಿನದಿಂದ ಒಂದೇ ಯೋಚನೆ. ಅಟ್ಟಕ್ಕೆ ಹಾಕಿಸಿದ ಆ ದಿಂಬನ್ನು ನೀನು ಯಾವತ್ತಾದರೂ ಒಟ್ಟುಮಣೆ ಎಂದು ಕರೆದಿದ್ದೀಯಾ? ಕೆಲಸದಿಂದ ಬಂದು ಕುರ್ಚಿಗೆ ಒರಗಿ, "ಮಣೆ ಎಳಿಯೇ" ಅನ್ನುತ್ತಿದ್ದೆ. ಮಣೆ. ಬರೀ ಮಣೆ.

ಹಾಗಿದ್ದರೆ ಆ ಇನ್ನೊಂದು ಪದ ನನ್ನ ಕಿವಿಗೆ ಎಲ್ಲಿ ಬಿತ್ತು ಎಂದು ಹುಡುಕಿದೆ. ಸಿಕ್ಕಿತು. ನನಗೆ ಐದು ವರ್ಷ. ಅಮ್ಮನ ಜೊತೆ ನಿನಗೆ ಊಟದ ಡಬ್ಬಿ ತಂದಿದ್ದೆ. ನಾನು ಗೋಂದಿನ ಒಲೆಯ ಹತ್ತಿರ ಸುಳಿದಾಡುತ್ತಿದ್ದೆನೆಂದು ನೀನು ಸಿಟ್ಟಾದೆ. ಗುಂಡಿಯಕ್ಕ "ಒಟ್ಟುಮಣೆ ಮೇಲೆ ಕೂರ್ಸಿ ಮೇಸ್ತ್ರಿ, ಇಳಿಯಕ್ಕೆ ಬರಲ್ಲ" ಅಂದಳು. ನೀನು ಕಂಕುಳಿಗೆ ಕೈಹಾಕಿ ನನ್ನನ್ನು ಮೇಲೆತ್ತಿ ಕೂರಿಸಿದೆ. ನನ್ನ ತಲೆಯ ಪಕ್ಕದಲ್ಲೇ ಬಲ್ಬು ಇತ್ತು. ಕೆಳಗೆ ನೋಡಿದರೆ ನಿನ್ನ ಬೋಳುತಲೆ ಕಾಣಿಸಿತು, ನಾನು ನಕ್ಕೆ. ಅಪ್ಪಾ, ಗೇಣೆತ್ತರದ ದಿಂಬಿನ ಮೇಲೆ ಕೂತ ಮಗುವಿಗೆ ಅಪ್ಪನ ನೆತ್ತಿ ಹೇಗೆ ಕಂಡೀತು?

ನಾನು ಪದದ ಹುಟ್ಟನ್ನು ಹಿಡಿದುಕೊಂಡು ಕುಣಿದೆ. ಆ ಹುಟ್ಟಿನ ಕತೆ ನಿಜವೇ ಇರಬಹುದು. ಆದರೆ ಪದ ಹುಟ್ಟಿದ ಮೇಲೆ ನಿಮ್ಮ ನಡುವೆ ಬೆಳೆದು ಏನಾಯಿತು ಎನ್ನುವುದನ್ನು ನೀನು ಹೇಳಲಿಲ್ಲ. ಒಟ್ಟು ಎಂದರೆ ಒಂದರ ಮೇಲೊಂದು ಪೇರಿಸುವುದು ಎಂದು ನನಗೆ ತಿಳಿಯದೇ? ದಿನವಿಡೀ ಪದಗಳ ನಡುವೆ ಕೂತವಳು, ಕಣ್ಣ ಮುಂದೆ ಇದ್ದದ್ದನ್ನು ಓದಲಿಲ್ಲ. ಅಪ್ಪ ಹೇಳಿದ್ದಾನೆ ಎಂದು ಸಹಿ ಹಾಕಿದೆ.

ಎಷ್ಟು ಮಣೆ ಸೇರಿದರೆ ಒಂದು ಒಟ್ಟುಮಣೆ? ಅದನ್ನು ಆ ಬಾಗಿಲಿಗೆ ಇಡಿಸಿದ್ದು ಯಾರು? ನೀನಲ್ಲ ಎಂದು ಒಂದು ಸಾಲು ಬರೆದರೆ ಸಾಕು, ನಂಬುತ್ತೇನೆ.

ನಿನ್ನ ಮಗಳು


೨೯ ಆಗಸ್ಟ್

ಮಾನ್ಯರೇ,

'ಒಟ್ಟುಮಣೆ' ಎಂಬ ಪದದ ಅರ್ಥದ ಬಗ್ಗೆ ಈ ಕಚೇರಿಯಿಂದ ತಮಗೆ ಬರೆದ ಪತ್ರಕ್ಕೆ ಹದಿನೈದು ದಿನಗಳಾದರೂ ಉತ್ತರ ಬಂದಿಲ್ಲ. ತಾವು ಮೊದಲು ನೀಡಿದ ಅರ್ಥ ಅಪೂರ್ಣವೆಂದು ತಿಳಿದುಬಂದಿರುವುದರಿಂದ, ಅದರ ಆಧಾರದ ಮೇಲೆ ಕೊಟ್ಟ ಚೀಟಿಯನ್ನು ನಾನು ಹಿಂತೆಗೆದುಕೊಂಡಿದ್ದೇನೆ. ಹಾಗೆಂದು ವಿಚಾರಣಾಧಿಕಾರಿಯವರಿಗೂ ಬರೆದಿದ್ದೇನೆ. ಸರಿಯಾದ ಅರ್ಥವನ್ನು ತಾವು ತಿಳಿಸಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
ಸಹಾಯಕ ಸಂಪಾದಕಿ


೮ ಸೆಪ್ಟೆಂಬರ್

ಮಗಳೇ,

ಇದು ನನ್ನ ಅಕ್ಷರ. ಕಾಗೆ ಕಾಲು ಗುಬ್ಬಿ ಕಾಲು, ಬೆರಳು ಮಡಚುವುದಿಲ್ಲ, ಸಾವಕಾಶವಾಗಿ ಓದು. ಇದನ್ನು ನಿನ್ನ ಅಮ್ಮನ ಕೈಯಲ್ಲಿ ಬರೆಸಲಾರೆ. ಅವಳು ಮಾರ್ಕೆಟ್ಟಿಗೆ ಹೋದಾಗ ದಿನಕ್ಕೆ ಅರ್ಧ ಪುಟದಂತೆ ಬರೆದಿದ್ದೇನೆ.

ಹೆತ್ತ ಮಗಳಿಂದ 'ಮಾನ್ಯರೇ' ಅನ್ನಿಸಿಕೊಂಡೆ. ನೀನು ಬೈದಿದ್ದರೆ ವಾಸಿಯಿತ್ತು.

ಇಪ್ಪತ್ತನಾಲ್ಕು. ಒಂದರ ಮೇಲೊಂದು ಆರರಂತೆ ನಾಲ್ಕು ಸಾಲು, ಒಂದಕ್ಕೊಂದು ಬಿಗಿದು ಹಗ್ಗ ಕಟ್ಟಿದರೆ ಒಂದು ಒಟ್ಟುಮಣೆ. ಲಾರಿಗೆ ಹಾಗೆ ಎಣಿಸಿ ಹಾಕುತ್ತಿದ್ದೆವು. ಬಿಡಿಯಾದದ್ದನ್ನು ಯಾರೂ ಒಟ್ಟುಮಣೆ ಅನ್ನುವುದಿಲ್ಲ. ಹಿರಿಮೇಸ್ತ್ರಿಯ ಕಾಲದಲ್ಲಿ ಅನ್ನುತ್ತಿದ್ದೆವು, ಅವರು ಹೋದ ಮೇಲೆ ಬದಲಾಯಿತು. ನಿನಗೆ ಹೇಳಿದ್ದು ಸುಳ್ಳಲ್ಲ, ಮೂವತ್ತು ವರ್ಷದ ಹಿಂದಿನ ನಿಜ. ಹಾಗೆಂದುಕೊಂಡು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ದಿನ ಲಾರಿ ಬರಬೇಕಿತ್ತು, ಬರಲಿಲ್ಲ. ದೊಡ್ಡ ಗಿರಾಕಿಗಳು ಮುಂದಿನ ಹಾಲ್ ನೋಡಲು ಬರುತ್ತಾರೆ, ಈ ಒಟ್ಟುಮಣೆಯನ್ನು ಕಣ್ಣಿಂದ ಮರೆ ಮಾಡಿ ಎಂದರು ಮಾಲೀಕರು. ಎಲ್ಲಿಡಬೇಕು ಎಂದು ಅವರು ಹೇಳಲಿಲ್ಲ. ಹಿಂಬಾಗಿಲಿಗೆ ಇಡಿ ಅಂದವನು ನಾನು. ಗುಂಡಿಯಕ್ಕ ಹಲ್ಲಲ್ಲಿ ದಾರ ಕಚ್ಚಿಕೊಂಡೇ ತಲೆಯೆತ್ತಿ, "ಮೇಸ್ತ್ರಿ, ಬಾಗಿಲಲ್ವಾ ಅದು?" ಅಂದಳು. "ಒಂದು ದಿನದ ಮಾತು, ಸುಮ್ನಿರಮ್ಮ" ಅಂದೆ. ಅವಳು ಸುಮ್ಮನಾದಳು. ನಾನು ಹೇಳಿದರೆ ಎಲ್ಲರೂ ಸುಮ್ಮನಾಗುತ್ತಿದ್ದರು, ಅದೇ ನನಗೆ ಜಂಬ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಒಂದು ಸೋಫಾದ ಬೆನ್ನಿನ ಗುಂಡಿ ಮುಗಿಸಿ ಬರುತ್ತೇನೆ ಎಂದು ಅವಳು ಉಳಿದಳು. ಲಾರಿ ಬಂತೇ ನೋಡೋಣ ಎಂದು ನಾನು ರಸ್ತೆಗೆ ಹೋದೆ. ಗೋಂದಿನ ಒಲೆ ಮುಂದಿನ ಹಾಲಿನಲ್ಲಿ ಉರಿಯುತ್ತಿತ್ತು. ತಿರುಗಿ ಬರುವಷ್ಟರಲ್ಲಿ ಮುಂಬಾಗಿಲ ತುಂಬ ಬೆಂಕಿ. ಕಿಟಕಿಗಳಿಗೆಲ್ಲ ಸರಳು. ಓಣಿಗೆ ಓಡಿದೆ. ಹಿಂಬಾಗಿಲು ಒಳಕ್ಕೆ ತೆರೆಯುವಂಥದ್ದು. ಅದರ ಹಿಂದೆ ಹೊರೆ, ಹೊರೆಯ ಹಿಂದೆ ನೆಲಕ್ಕೆ ಬೋಲ್ಟ್ ಹಾಕಿದ ಕತ್ತರಿಸುವ ಮೇಜು. ಎಷ್ಟು ನೂಕಿದರೂ ಒಂದು ಬೆರಳು ತೂರುವಷ್ಟು ಸಂದು ಬಿಡಲಿಲ್ಲ. ಬಾಗಿಲಿನ ತಗಡು ಕಾದಿತ್ತು. ನೀವೆಲ್ಲ ಹೊಗಳುವ ಸುಟ್ಟಗಾಯ ಅದು.

ಅವಳ ಗಂಡ ದೂರದಲ್ಲಿದ್ದ, ಪೂರ್ತಿ ಕೇಳಿಸಲಿಲ್ಲ. ಅವಳು ಹೇಳಿದ್ದು "ಒಟ್ಟುಮಣೆ ತೆಗೀರಿ ಮೇಸ್ತ್ರಿ" ಎಂದು. ಬಾಗಿಲಾಚೆ ನೂಕುತ್ತಿರುವವನು ನಾನೇ ಎಂದು ಅವಳಿಗೆ ಗೊತ್ತಿತ್ತು. "ಅದು ನಿನ್ನ ಕಡೆ ಇದೆ, ನಂಗೆ ಎಟಕಲ್ಲ, ಹಗ್ಗ ಕತ್ತರ್ಸು" ಎಂದು ಕೂಗಿದೆ. ಕತ್ತರಿ ಅವಳ ಸೊಂಟದಲ್ಲೇ ಇರುತ್ತಿತ್ತಲ್ಲ. ಕತ್ತರಿಸಿದಳು. ಒಂದೊಂದೇ ಮಣೆ ಎತ್ತಿ ಆಚೆ ಹಾಕತೊಡಗಿದಳು. ಎಣಿಸುತ್ತಾ ಹಾಕಿದಳು, ಮಗಳೇ. ಗುಂಡಿ ಎಣಿಸುವ ಹಾಗೆಯೇ. ಗಾಬರಿಯಾದವರು ಹಾಗೆ ಎಣಿಸುವುದಿಲ್ಲ. ನಡುವೆ ಕೆಮ್ಮಿದರೆ, ಬಿಟ್ಟಲ್ಲಿಂದ ಮತ್ತೆ ಹಿಡಿಯುತ್ತಿದ್ದಳು. ಎಷ್ಟರವರೆಗೆ ಕೇಳಿಸಿತು ಎನ್ನುವುದನ್ನು ನಿನಗೂ ಬರೆಯಲಾರೆ.

ಹೇಡಿ ಎಂದರೆ ಹೌದು. ಈ ವಯಸ್ಸಿನಲ್ಲಿ ಜೈಲು ಎಂದರೆ ಎದೆ ಹಾರುತ್ತದೆ. ಈ ಕಾಗದವನ್ನು ಒಲೆಗೆ ಹಾಕುತ್ತೀಯೋ, ಅಧಿಕಾರಿಗೆ ಕೊಡುತ್ತೀಯೋ, ನಿನಗೆ ಬಿಟ್ಟಿದ್ದೇನೆ.

ಅಪ್ಪ


೧೩ ಸೆಪ್ಟೆಂಬರ್

ಅಪ್ಪಾ,

ನಿನ್ನ ಕಾಗದವನ್ನು ಹಾಗೇ ಮಡಚಿ ಇದರೊಳಗೆ ಇಟ್ಟು ಹಿಂದಕ್ಕೆ ಕಳಿಸುತ್ತಿದ್ದೇನೆ. ನಕಲು ಮಾಡಿಕೊಂಡಿಲ್ಲ. ಇದನ್ನು ನನ್ನ ತಲೆಗೆ ಕಟ್ಟಬೇಡ. ಒಂದು ಸಲ ನಿನ್ನ ಮಾತಿಗೆ ನಾನು ಸಹಿ ಹಾಕಿ ಆಗಿದೆ. ಅದಕ್ಕೆ ನನ್ನನ್ನು ಚೀಟಿ ಬರೆಯುವ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ಅದು ಸರಿಯಾಗಿಯೇ ಇದೆ.

ನಿನ್ನ ಮೇಲೆ ನನಗೆ ತುಂಬ ಸಿಟ್ಟಿದೆ. ಅದು ಯಾವಾಗ ಇಳಿಯುತ್ತದೋ ಗೊತ್ತಿಲ್ಲ. ಹಾಗೆಂದು ನೀನು ನನ್ನ ಅಪ್ಪನಲ್ಲ ಎಂದಾಗುವುದಿಲ್ಲ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾನು ಕೂತಿರುತ್ತೇನೆ. ನೀನು ಬಂದರೆ ಜೊತೆಗೆ ಒಳಗೆ ಹೋಗೋಣ, ಕಾಗದವನ್ನು ನೀನೇ ಓದು. ಬರದಿದ್ದರೆ ಸಂಜೆಯ ಬಸ್ಸಿಗೆ ನಾನು ಹಿಂದಿರುಗುತ್ತೇನೆ. ಆಮೇಲೆ ಬರೆಯುವುದಕ್ಕೆ ಏನೂ ಇರುವುದಿಲ್ಲ.

ಬರುವ ಮೊದಲು ಅಮ್ಮನಿಗೆ ಎಲ್ಲ ಹೇಳು.

ನಿನ್ನ ಮಗಳು


೫ ಅಕ್ಟೋಬರ್

ಚೀಟಿರಾಣಿಗೆ,

ಇಲ್ಲಿ ತಿಂಗಳಿಗೆ ಎರಡು ಕಾಗದ ಬರೆಯಲು ಬಿಡುತ್ತಾರೆ. ಮೊದಲನೆಯದನ್ನು ನಿನ್ನ ಅಮ್ಮನಿಗೆ ಬರೆದೆ. ಅವಳು ಇನ್ನೂ ಉತ್ತರ ಬರೆದಿಲ್ಲ, ಆದರೆ ಹೊದೆಯಲು ಕಂಬಳಿ ಕಳಿಸಿದ್ದಾಳೆ.

ಊಟ, ನಿದ್ದೆ ನಡೆಯುತ್ತಿದೆ. ಹರಿದ ಹಾಸಿಗೆಗಳನ್ನು ಹೊಲಿಯುವ ಕೆಲಸ ಕೊಡುತ್ತಾರಂತೆ, ಬೆರಳು ಮಡಚಿದರೆ. ವರದಿಯಲ್ಲಿ ಗಾಬರಿ ಎಂಬ ಮಾತನ್ನು ತೆಗೆದರು ಎಂದು ವಕೀಲರು ಹೇಳಿದರು. ನೀವು ನಿಘಂಟಿನಲ್ಲಿ ಆ ಪದ ಹಾಕುವುದಾದರೆ ಮೊದಲ ಅರ್ಥ ಹೊರೆಯದೇ ಇರಲಿ. ದೊರೆಯ ಕತೆ ಕೊನೆಯಲ್ಲಿ ಬಂದರೂ ನಡೆಯುತ್ತದೆ.

ನಿನ್ನೆ ಗುಂಡಿಯಕ್ಕನ ಗಂಡ ನನ್ನನ್ನು ನೋಡಲು ಬಂದಿದ್ದ. ಹೊಡೆಯುತ್ತಾನೆ, ಉಗಿಯುತ್ತಾನೆ ಎಂದುಕೊಂಡಿದ್ದೆ. ನಡುವೆ ಜಾಲರಿ ಇತ್ತು, ಅವನು ಅದನ್ನು ಮುಟ್ಟಲೂ ಇಲ್ಲ. ವಿಚಾರಣೆಯಲ್ಲಿ ನಾನು ಓದುವಾಗ ಒಂದು ಕಡೆ ನಿಲ್ಲಿಸಿಬಿಟ್ಟೆನಲ್ಲ, ಅಧಿಕಾರಿಯೂ ಒತ್ತಾಯ ಮಾಡಲಿಲ್ಲ. ಅದನ್ನೇ ಕೇಳಲು ಬಂದಿದ್ದ.

"ಎಷ್ಟರವರೆಗೆ ಎಣಿಸಿದಳು?" ಅಂದ.

ಹದಿನೇಳು ಅಂದೆ.

ಅವನು ತಲೆ ತಗ್ಗಿಸಿ ಒಂದೊಂದೇ ಬೆರಳು ಮಡಚಿ ಎಣಿಸಿದ. ಆಮೇಲೆ "ಏಳು ಉಳಿದಿತ್ತು" ಅಂದು ಹೊರಟುಹೋದ.

ನಿನ್ನ ಅಪ್ಪ